ಆರ್ಕಿಡ್‌ಗೆಂದು ಕುದಿಸಿದ ನೀರು

ಆ ಬ್ಯೂಟಿ ಪಾರ್ಲರಿನ ಒಡತಿಯನ್ನು ಬಂದವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಒಬ್ಬಳಿಗೆ ಮಾತ್ರ, ಅವಳ ಗಂಡನ ತಂಗಿ ಪುಟ್ಟಿಗೆ. ಪುಟ್ಟಿ ಕೈಯಲ್ಲಿ ಕತ್ತರಿ ಹಿಡಿದು ದಿನವಿಡೀ ‘ಅತ್ತಿಗೆ, ಟವೆಲು’, ‘ಅತ್ತಿಗೆ, ಬಿಸಿನೀರು ಬರ್ತಾ ಇಲ್ಲ’ ಎಂದು ಕೂಗುತ್ತಿದ್ದುದರಿಂದ ಗಿರಾಕಿಗಳ ಬಾಯಲ್ಲೂ ಅದೇ ನಿಂತುಬಿಟ್ಟಿತು. ತಲೆ ನರೆತ ಹೆಂಗಸರೂ ‘ಅತ್ತಿಗೆ, ನನಗೆ ಸ್ವಲ್ಪ ಗಿಡ್ಡ ಮಾಡಿಸಮ್ಮ’ ಎಂದಾಗ ಅವಳಿಗೆ ನಗು ಬರುತ್ತಿತ್ತು.

ಪಾರ್ಲರು ದೊಡ್ಡದೇನಲ್ಲ. ಕನ್ನಡಿಯ ಮುಂದೆ ಎರಡು ಕುರ್ಚಿ, ಮೂಲೆಯಲ್ಲಿ ತಲೆ ತೊಳೆಯುವ ಬೇಸಿನ್ನು, ಅದರ ಪಕ್ಕದಲ್ಲಿ ತಲೆಯ ಮೇಲೆ ಬಿಸಿಗಾಳಿ ಬಿಡುವ ಗುಮ್ಮಟದಂಥ ಡ್ರೈಯರು. ಹಿಂದಿನ ಸಣ್ಣ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ, ಒಂದು ಒಲೆ. ಬೀದಿಯ ಕಡೆಗಿದ್ದ ಗಾಜಿನ ಕಿಟಕಿಯ ಉದ್ದಕ್ಕೂ ಅತ್ತಿಗೆಯ ಆರ್ಕಿಡ್ ಗಿಡಗಳು ಸಾಲಾಗಿ ಕೂತಿದ್ದವು. ಗಿರಾಕಿಯೊಬ್ಬಳು ಮನೆ ಬದಲಾಯಿಸುವಾಗ ಒಂದು ಕುಂಡ ಕೊಟ್ಟುಹೋಗಿದ್ದಳು. ಪಾರ್ಲರಿನ ಬೆಚ್ಚಗಿನ ಹಬೆ ಅದಕ್ಕೆ ಎಷ್ಟು ಹಿಡಿಸಿತೆಂದರೆ ಎಲ್ಲೂ ಬಿಡದ ಹೂವನ್ನು ಅಲ್ಲಿ ಬಿಟ್ಟಿತು. ಅಲ್ಲಿಂದ ಅತ್ತಿಗೆಗೆ ಹುಚ್ಚು ಹಿಡಿಯಿತು. ಒಂದು ಇದ್ದದ್ದು ನಾಲ್ಕಾಯಿತು, ನಾಲ್ಕು ಇದ್ದದ್ದು ಕಿಟಕಿ ತುಂಬಿತು.

ಅತ್ತೆಗೆ ಈ ಹುಚ್ಚು ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲೂ ಅಂಗಡಿಯಲ್ಲೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. ಪ್ರತಿ ವಾರ ಬಂದು ಕೂದಲಿಗೆ ಸುರುಳಿ ಹಾಕಿಸಿಕೊಂಡು, ಡ್ರೈಯರಿನ ಕೆಳಗೆ ಒಂದು ಸಣ್ಣ ನಿದ್ದೆ ತೆಗೆದು ಹೋಗುವುದು ಅವರ ರೂಢಿ. ಕೂದಲು ಮುಟ್ಟಬೇಕಾದದ್ದು ಮಗಳೇ ಹೊರತು ಸೊಸೆಯಲ್ಲ. ಸೊಸೆಗೆ ಕೆಲಸ ಬರುವುದಿಲ್ಲವೆಂದಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಸೊಸೆ ಹಾಕಿದ ಬಣ್ಣ ಹೆಚ್ಚು ಕಪ್ಪಾಗಿ, ‘ತಲೆ ಮೇಲೆ ಕಾಗೆ ಕೂತ ಹಾಗಿದೆ’ ಎಂದು ನೆರೆಯವಳೊಬ್ಬಳು ನಕ್ಕಿದ್ದಳಂತೆ. ದೊಡ್ಡವರು ಅದನ್ನು ಮರೆಯುವವರಲ್ಲ.

‘ಈ ಗಿಡಗಳಿಗೆ ಮಾಡೋ ಸೇವೇಲಿ ಅರ್ಧ ನನಗೆ ಮಾಡಿದ್ರೆ ನಾನೂ ಹೂ ಬಿಡ್ತಿದ್ದೆ’ ಎಂದು ಅವರು ಕನ್ನಡಿಯೊಳಗಿಂದ ಸೊಸೆಯನ್ನು ನೋಡಿ ಹೇಳುತ್ತಿದ್ದರು.

‘ನೀವು ಬಿಡೋದು ಬೆಂಕಿ ಉಂಡೆ ಅತ್ತೆ, ಹೂವಲ್ಲ’ ಎಂದು ಸೊಸೆಯೂ ಸುಮ್ಮನಿರುತ್ತಿರಲಿಲ್ಲ. ಇಬ್ಬರ ನಡುವೆ ಹೀಗೇ ನಡೆಯುತ್ತಿತ್ತು. ಜಗಳ ಎನ್ನುವಂತಿಲ್ಲ, ಪ್ರೀತಿ ಎನ್ನಲು ಇಬ್ಬರೂ ಒಪ್ಪುತ್ತಿರಲಿಲ್ಲ.

ಆ ಸಲ ಗಿಡಗಳಿಗೆ ಹುಳ ಬಿತ್ತು. ಎಲೆಯ ಬುಡದಲ್ಲಿ ಹತ್ತಿಯ ಚೂರು ಅಂಟಿಸಿದಂತೆ ಬೆಳ್ಳಗೆ ಕೂತು ರಸ ಹೀರುವ ಹಿಟ್ಟುತಿಗಣೆ. ಅತ್ತಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮಾರನೆಯ ವಾರ ಮತ್ತೆ ಬಂತು. ಎರಡು ಅಂಗಡಿ ಆಚೆ ಹೂವು ಮಾರುವಾಕೆ ಇದ್ದಳು. ಗಟ್ಟಿ ದನಿಯ, ತೋಳು ಮಡಚಿಕೊಂಡೇ ಮಾತಾಡುವ ಹೆಂಗಸು. ಅವಳು ಕುಂಡವನ್ನು ಎತ್ತಿ ನೋಡಿ, ‘ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯಾ? ತಂಬಾಕು ಕುದಿಸು, ಸೋಸು, ಒಂದಿಷ್ಟು ಸೋಪು ಕಲಸು, ಹೊಡಿ. ನಾನು ಎಷ್ಟೋ ವರ್ಷದಿಂದ ಹೊಡೀತಾ ಇದ್ದೀನಿ’ ಎಂದಳು.

‘ಏನೂ ಆಗಲ್ವಾ?’

‘ಆಗೋದೇನು? ಅಂಗಡಿಯಿಂದ ತಂದ ವಿಷವಾ ಅದು? ಒಂದು ಎಲೆ. ನಮ್ಮ ಕೈಯಾರೆ ಕುದಿಸಿದ್ದು. ಕೆಮಿಕಲ್ಲೇ ಇಲ್ಲ.’

ಆ ಮಾತು ಅತ್ತಿಗೆಗೆ ಹಿಡಿಸಿತು. ದಿನವಿಡೀ ಕೂದಲ ಬಣ್ಣ, ಬ್ಲೀಚು ಎಂದು ಮೂಗು ಉರಿಸಿಕೊಳ್ಳುವವಳಿಗೆ ಕೆಮಿಕಲ್ ಇಲ್ಲದ್ದೆಂದರೆ ಒಂಥರಾ ಪುಣ್ಯದ ಕೆಲಸದಂತೆ ಕಂಡಿತು. ಪೈಪಿಗೆ ಹಾಕುವ ತಂಬಾಕು ತಂದು ಸ್ವಲ್ಪ ಕುದಿಸಿ ಹೊಡೆದಳು. ಹುಳ ಸಾಯಲಿಲ್ಲ. ಮತ್ತೊಮ್ಮೆ ಕುದಿಸುವಾಗ ಡಬ್ಬಿಯಲ್ಲಿದ್ದದ್ದನ್ನೆಲ್ಲ ಸುರಿದು, ನೀರು ಅರ್ಧಕ್ಕೆ ಇಳಿಯುವವರೆಗೆ ಒಲೆಯ ಮೇಲೆ ಬಿಟ್ಟಳು. ಸೋಸಿದಾಗ ಕಡು ಕಂದು ಬಣ್ಣದ ರಸ ಬಂತು, ಅದಕ್ಕೆ ಸೋಪು ಕಲಸಿದಳು. ಅದನ್ನು ತುಂಬಿಸಲು ಕೈಗೆ ಸಿಕ್ಕಿದ್ದು ಪಾರ್ಲರಿನದೇ ಒಂದು ಸ್ಪ್ರೇ ಬಾಟಲಿ. ಕೂದಲು ಒದ್ದೆ ಮಾಡಲೆಂದು ಇಟ್ಟುಕೊಂಡ ಕಪ್ಪು ಬಾಟಲಿಗಳಲ್ಲಿ ಹಳೆಯದೊಂದು. ಒಳಗೇನಿದೆ ಎಂದು ಹೊರಗಿನಿಂದ ಕಾಣುತ್ತಿರಲಿಲ್ಲ. ಮೇಲೊಂದು ಚೀಟಿ ಅಂಟಿಸಬೇಕು ಎಂದುಕೊಂಡಳು. ಅಷ್ಟರಲ್ಲಿ ಗಿರಾಕಿ ಬಂದರು. ಬಾಟಲಿ ಕಿಟಕಿಯ ಮೂಲೆಯಲ್ಲಿ, ಕುಂಡಗಳ ಹಿಂದೆ ಇರುತ್ತದಲ್ಲ, ಅಲ್ಲಿಗೆ ಯಾರು ಕೈ ಹಾಕುತ್ತಾರೆ ಎಂದು ಬಿಟ್ಟಳು.

ದೊಡ್ಡವರು ಬರುವ ದಿನ ಬೆಳಿಗ್ಗೆ ಅವಳು ಗಿಡಗಳಿಗೆ ಅದನ್ನು ಹೊಡೆಯುತ್ತಿದ್ದಳು. ಅರ್ಧ ಸಾಲು ಮುಗಿದಿತ್ತು. ಶಾಂಪೂ ತಂದುಕೊಡುವವನ ಫೋನು ಬಂತು. ಕಳೆದ ಸಲ ಬೇರೆಯದನ್ನೇ ಇಳಿಸಿಹೋಗಿದ್ದನೆಂದು ಅವನಿಗೆ ಚೆನ್ನಾಗಿ ಬಯ್ಯುವುದಿತ್ತು. ಬಯ್ಯುತ್ತ ಬಯ್ಯುತ್ತ ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದಳು. ನಡುವೆ ಯಾವಾಗಲೋ ಬಾಟಲಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟಳು. ಇಟ್ಟದ್ದು ಅವಳಿಗೆ ಆಮೇಲೂ ನೆನಪಾಗಲಿಲ್ಲ. ಕೈ ಖಾಲಿಯಾಗಿತ್ತು, ಅಷ್ಟೇ. ಫೋನು ಮುಗಿಸಿ ಹಿಂದಿನ ಕೋಣೆಗೆ ಹೋಗಿ ಟವೆಲುಗಳನ್ನು ಮಡಚತೊಡಗಿದಳು.

ದೊಡ್ಡವರು ಬಂದ ಸದ್ದಾಯಿತು. ಕುರ್ಚಿ ಕಿರುಗುಟ್ಟಿತು. ಬಸ್ಸಿನಲ್ಲಿ ಯಾರೋ ಕಾಲು ತುಳಿದದ್ದು, ತುಳಿದವನೇ ತಿರುಗಿ ಗುರಾಯಿಸಿದ್ದು, ಎಲ್ಲ ವರದಿಯಾಯಿತು. ಸ್ಪ್ರೇಯ ಚುಸ್ ಚುಸ್ ಕೇಳಿಸಿತು. ಆಮೇಲೆ ದೊಡ್ಡವರ ಮಾತು ನಿಂತಿತು.

‘ಪುಟ್ಟಿ, ಇದೇನೇ ವಾಸನೆ?’

‘ಏನೋ ಹೊಸ ಲೋಷನ್ ಇರ್ಬೇಕು ಅಮ್ಮ. ಅತ್ತಿಗೆ ಏನಾದ್ರೂ ತರಿಸ್ತಾನೇ ಇರ್ತಾರೆ.’

‘ನಿಮ್ಮಪ್ಪ ಪಕ್ಕದಲ್ಲಿ ಕೂತ ಹಾಗಿದೆ ಕಣೇ’ ಎಂದರು ದೊಡ್ಡವರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ಅತ್ತಿಗೆ ಎಂದೂ ಕೇಳಿರಲಿಲ್ಲ. ‘ಪೈಪು ಸೇದಿ ಬಂದು ಹೀಗೇ ನನ್ನ ತಲೆ ಹತ್ರ ಬಗ್ಗಿ ಪೇಪರ್ ಓದ್ತಿದ್ರು. ಇನ್ನೊಂದಿಷ್ಟು ಹಾಕೇ. ಚೆನ್ನಾಗಿ ನೆನೀಲಿ.’

ಚುಸ್ ಚುಸ್ ಚುಸ್.

ಟವೆಲು ಮಡಚುತ್ತಿದ್ದ ಅತ್ತಿಗೆ ತನ್ನಷ್ಟಕ್ಕೆ ಮುಗುಳ್ನಕ್ಕಳು. ಪಾಪ, ಮಾವನನ್ನು ಎಷ್ಟು ಹಚ್ಚಿಕೊಂಡಿದ್ದರು ಎಂದುಕೊಂಡಳು. ವಾಸನೆ, ಪೈಪು, ತಂಬಾಕು, ಎಲ್ಲವೂ ಕಿವಿಗೆ ಬಿದ್ದವು. ಒಂದಕ್ಕೊಂದು ಸೇರಲಿಲ್ಲ. ಆ ಮುಗುಳ್ನಗೆಯನ್ನು ನೆನೆದುಕೊಂಡರೆ ಅವಳಿಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪುಟ್ಟಿ ಸುರುಳಿಗಳನ್ನು ಬಿಗಿದು, ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿ, ತಾಯಿಯನ್ನು ಡ್ರೈಯರಿನ ಕೆಳಗೆ ಕೂರಿಸಿದಳು. ಅತ್ತಿಗೆ ಹೊರಗೆ ಬಂದಾಗ ದೊಡ್ಡವರು ಕಣ್ಣು ಮುಚ್ಚಿಕೊಂಡಿದ್ದರು. ಎಂದಿನ ನಿದ್ದೆ ಎಂದು ಅವಳು ಹೆಜ್ಜೆ ಸದ್ದು ಮಾಡದೆ ದಾಟಿದಳು.

ಸ್ವಲ್ಪ ಹೊತ್ತಿಗೆ ದೊಡ್ಡವರೇ ಕರೆದರು. ‘ಪುಟ್ಟಿ, ಬಾಯಲ್ಲಿ ನೀರು ಸುರೀತಾ ಇದೆ. ವಾಂತಿ ಬರೋ ಹಾಗಿದೆ ಕಣೇ.’

ಮುಖ ನೋಡಿದರೆ ಸುಣ್ಣ ಬಳಿದ ಗೋಡೆ. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಪುಟ್ಟಿ ಡ್ರೈಯರು ಆರಿಸಿ, ‘ಬೆಳಿಗ್ಗೆ ಏನೂ ತಿನ್ನದೆ ಬಂದಿರ್ತೀಯಾ, ಹೇಳಿದ್ರೆ ಕೇಳಲ್ಲ’ ಎಂದು ಗೊಣಗುತ್ತ ಸಕ್ಕರೆ ನೀರು ಕಲಸಲು ಓಡಿದಳು. ಅವಳು ಬರುವಷ್ಟರಲ್ಲಿ ದೊಡ್ಡವರು ಮಡಿಲ ತುಂಬ ವಾಂತಿ ಮಾಡಿಕೊಂಡಿದ್ದರು. ಕೈಗಳು ಗಡಗಡ ನಡುಗುತ್ತಿದ್ದವು. ‘ಕಣ್ಣು ಕಾಣ್ತಾ ಇಲ್ಲ, ಎಲ್ಲ ತಿರುಗ್ತಾ ಇದೆ’ ಎಂದರು. ನಾಲಿಗೆ ತೊದಲುತ್ತಿತ್ತು.

‘ಅತ್ತಿಗೆ, ಹಾರ್ಟು! ಹಾರ್ಟ್ ಅಟ್ಯಾಕ್ ಇದು!’ ಪುಟ್ಟಿ ಕಿರುಚಿದಳು.

ಅತ್ತಿಗೆ ಫೋನು ಎತ್ತಿಕೊಳ್ಳಲು ಕನ್ನಡಿಯ ಹಲಗೆಯ ಕಡೆಗೆ ಕೈ ಚಾಚಿದಳು. ಫೋನಿನ ಪಕ್ಕದಲ್ಲಿ ಕಪ್ಪು ಬಾಟಲಿ ಇತ್ತು. ಅದರ ಕುತ್ತಿಗೆಯ ಸುತ್ತ ಒಣಗಿದ ಕಂದು ಕಲೆ. ಅವಳು ಕಿಟಕಿಯತ್ತ ತಿರುಗಿ ನೋಡಿದಳು. ಕುಂಡಗಳ ಹಿಂದೆ ಮೂಲೆ ಬರಿದಾಗಿತ್ತು. ಬಾಟಲಿಯನ್ನು ಮೂಗಿನ ಹತ್ತಿರ ತಂದಳು.

‘ನಿಮ್ಮಪ್ಪ ಪಕ್ಕದಲ್ಲಿ ಕೂತ ಹಾಗಿದೆ’ ಎಂಬ ಮಾತು ಈಗ ಕಿವಿಯಲ್ಲಿ ಹೊಸದಾಗಿ ಕೇಳಿಸಿತು. ಹುಳ ಸಾಯಲೆಂದು ಎರಡೆರಡು ಪಟ್ಟು ಗಟ್ಟಿ ಮಾಡಿ ಕುದಿಸಿದ ರಸ. ಅದನ್ನು ಸುರಿದದ್ದು ಒಂದು ಮುದಿ ತಲೆಯ ಮೇಲೆ. ಅದರ ಮೇಲೆ ಪ್ಲಾಸ್ಟಿಕ್ ಟೋಪಿ. ಅದರ ಮೇಲೆ ಬಿಸಿಗಾಳಿ. ಹೇಳಲೇಬೇಕಾ ಎಂಬ ಒಂದು ಯೋಚನೆ ಮಿಂಚಿ ಹೋಯಿತು. ಹಾರ್ಟು ಎಂದುಕೊಂಡಿದ್ದಾಳೆ, ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ, ಬಾಟಲಿಯನ್ನು ಬೇಸಿನ್ನಿಗೆ ಸುರಿದುಬಿಟ್ಟರೆ...

‘ಪುಟ್ಟಿ, ಇದನ್ನೇ ಹೊಡೆದೆಯಾ?’

‘ಹೂಂ, ಯಾಕೆ?’

‘ಇದು ನೀರಲ್ಲ. ತಂಬಾಕಿನ ಕಷಾಯ. ಗಿಡದ ಹುಳಕ್ಕೆ ಮಾಡಿದ್ದು.’

ಪುಟ್ಟಿಯ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು.

ಅಂಬುಲೆನ್ಸಿಗೆ ಫೋನು ಮಾಡಿದಾಗ ಆ ಕಡೆಯಿಂದ ಒಬ್ಬ ಹೆಂಗಸು ಮಾತಾಡಿದಳು. ಅತ್ತಿಗೆ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ‘ವಿಷದ ಡಾಕ್ಟರನ್ನೂ ಲೈನಿಗೆ ತಗೋತೀನಿ. ಗಾಡಿ ಬರೋವರೆಗೆ ಕಾಯಬೇಡಿ’ ಎಂದಳು ಆಕೆ. ‘ಕೈಗೆ ಗ್ಲೌಸ್ ಹಾಕಿ. ಮೈಮೇಲಿನ ಒದ್ದೆ ಬಟ್ಟೆ ತೆಗೀರಿ. ತಲೆ, ಕುತ್ತಿಗೆ, ಬೆನ್ನು ಸೋಪು ಹಚ್ಚಿ ತೊಳೀರಿ, ನೀರು ಸುರೀತಾನೇ ಇರಿ. ಬಾಯಿಗೆ ಏನೂ ಹಾಕಬೇಡಿ. ಕಿಟಕಿ ತೆರೀರಿ.’

ಪಾರ್ಲರಿನಲ್ಲಿ ಗ್ಲೌಸಿಗೆ ಬರವೇ? ಬೇಸಿನ್ನಿಗೆ ಬರವೇ? ಅತ್ತಿಗೆ ದೊಡ್ಡವರನ್ನು ಎತ್ತಿ ಬೇಸಿನ್ನಿನ ಕುರ್ಚಿಗೆ ಒರಗಿಸಿ, ವಾಂತಿ ಗಂಟಲಿಗೆ ಇಳಿಯದಂತೆ ಮುಖವನ್ನು ಪಕ್ಕಕ್ಕೆ ಹೊರಳಿಸಿದಳು. ಸುರುಳಿಗಳನ್ನು ಬಿಚ್ಚುತ್ತ ಕೂರಲು ಹೊತ್ತಿರಲಿಲ್ಲ, ಕಿತ್ತು ಕಿತ್ತು ನೆಲಕ್ಕೆಸೆದಳು. ಉಗುರು ಬೆಚ್ಚಗಿನ ನೀರು ಬಿಟ್ಟು ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಮೊದಮೊದಲು ನೀರು ಚಹಾದ ಬಣ್ಣದಲ್ಲಿ ಹರಿಯಿತು. ಪುಟ್ಟಿ ಗೋಡೆಗೆ ಅಂಟಿಕೊಂಡು ನಿಂತುಬಿಟ್ಟಿದ್ದಳು.

‘ಅಲ್ಲಿ ಏನು ನೋಡ್ತಾ ಇದ್ದೀಯಾ? ನಿನ್ನ ಕೈಗೂ ಆಗಿದೆ, ಹೋಗಿ ತೊಳ್ಕೊ! ಆಮೇಲೆ ಗ್ಲೌಸ್ ಹಾಕ್ಕೊಂಡು ಬಾ, ಅಮ್ಮನ್ನ ಹಿಡ್ಕೊ!’

ದೊಡ್ಡವರು ಒಮ್ಮೆ ಕಣ್ಣು ತೆರೆದರು. ‘ಯಾರು, ನೀನಾ?’ ಎಂದರು.

‘ನಾನೇ ಅತ್ತೆ.’

ದೊಡ್ಡವರ ಕಣ್ಣು ಮತ್ತೆ ಮುಚ್ಚಿತು. ಅಂಬುಲೆನ್ಸಿನವರು ಒಳಗೆ ಬರುವ ಹೊತ್ತಿಗೆ ಅವರ ನಾಡಿ ತೀರ ನಿಧಾನವಾಗಿತ್ತು, ಕಾಲುಗಳು ಸೆಟೆದು ಅದುರುತ್ತಿದ್ದವು. ಬಂದವನೊಬ್ಬ ಬಾಟಲಿಯನ್ನು ಚೀಲದೊಳಗೆ ಹಾಕಿಕೊಂಡು, ‘ಇದನ್ನು ಮಾಡಿದ್ದು ಯಾರು?’ ಎಂದು ಕೇಳಿದ. ಅತ್ತಿಗೆ ಕೈ ಎತ್ತಿದಳು, ತರಗತಿಯಲ್ಲಿ ತಪ್ಪು ಮಾಡಿದ ಹುಡುಗಿಯಂತೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಸಾಲು ಕುರ್ಚಿಗಳಿದ್ದವು. ಪುಟ್ಟಿ ಮೂರು ಕುರ್ಚಿ ಬಿಟ್ಟು ಕೂತಳು. ಅತ್ತಿಗೆಯ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿತ್ತು. ದಾದಿಯೊಬ್ಬಳು ಬಂದು, ಅವರಿಬ್ಬರ ಬಟ್ಟೆಯನ್ನೂ ಬದಲಾಯಿಸಬೇಕೆಂದು ಆಸ್ಪತ್ರೆಯ ಅಂಗಿಗಳನ್ನು ಕೊಟ್ಟು ಹೋದಳು. ಅವನ್ನು ಹಾಕಿಕೊಂಡು ಬಂದ ಮೇಲೆ ಪುಟ್ಟಿ ಒಮ್ಮೆಲೇ ಕೇಳಿದಳು:

‘ಬೇಕು ಅಂತಲೇ ಇಟ್ಟೆಯಾ ಅಲ್ಲಿ?’

ಅಣ್ಣನ ಹೆಂಡತಿ, ಹಿರಿಯಳೆಂದು ಅಷ್ಟು ವರ್ಷ ಬಹುವಚನ ಬಿಟ್ಟು ಮಾತಾಡದವಳು ಪುಟ್ಟಿ. ಆ ಏಕವಚನ ಕಪಾಳಕ್ಕೆ ಬಿಗಿದಂತಾಯಿತು. ಅತ್ತಿಗೆಗೆ ಸಿಟ್ಟು ಕೂಡ ಬರಲಿಲ್ಲ. ಹೌದಲ್ಲ, ಹೊರಗಿನಿಂದ ನೋಡುವವರಿಗೆ ಹಾಗೇ ಕಾಣುತ್ತದಲ್ಲ ಎನಿಸಿತು. ಅತ್ತೆ ಸೊಸೆ, ಮಾತಿಗೆ ಮಾತು, ಕೈಯಾರೆ ಕುದಿಸಿದ ವಿಷ, ಕನ್ನಡಿಯ ಮುಂದೆ ಇಟ್ಟ ಬಾಟಲಿ.

‘ಹಾಗಾಗಿದ್ರೆ ನಾನು ಬಾಯಿ ಬಿಡ್ತಾ ಇರಲಿಲ್ಲ ಪುಟ್ಟಿ’ ಎಂದಳು. ಬಾಯಿ ಬಿಡದಿರುವ ಯೋಚನೆ ಒಂದು ಗಳಿಗೆ ಬಂದುಹೋದದ್ದು ಆಗ ನೆನಪಾಯಿತು.

ಒಳಗಿನಿಂದ ಬಂದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮುಖದಲ್ಲಿ ದಣಿವಿತ್ತು. ‘ಉಸಿರಾಟಕ್ಕೆ ಸ್ವಲ್ಪ ಸಹಾಯ ಕೊಟ್ಟಿದ್ದೀವಿ. ನಾಡಿ ಸರಿಯಾಗ್ತಾ ಇದೆ. ಇವತ್ತು ನಮ್ಮ ಕಣ್ಣೆದುರಿಗೇ ಇರ್ಲಿ’ ಎಂದಳು. ಆಮೇಲೆ ಇಬ್ಬರನ್ನೂ ನೋಡಿ, ‘ತೊಳೆದದ್ದು ಯಾರು?’ ಎಂದು ಕೇಳಿದಳು.

ಪುಟ್ಟಿ ನೆಲ ನೋಡುತ್ತ, ‘ಅತ್ತಿಗೆ’ ಎಂದಳು.

‘ಅಷ್ಟು ಬೇಗ ತೊಳೀದೇ ಇದ್ದಿದ್ರೆ ನಾನು ಬೇರೆ ಮಾತು ಆಡಬೇಕಾಗಿತ್ತು.’

‘ಆದರೆ ಅದು ಬರೀ ಎಲೆ ಡಾಕ್ಟ್ರೇ’ ಎಂದಳು ಅತ್ತಿಗೆ. ಹೇಳಿದ ಮೇಲೆ ನಾಚಿಕೆಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ. ‘ಕುಡಿದಿಲ್ಲ, ತಿಂದಿಲ್ಲ. ತಲೆಗೆ ತಾಗಿದ್ದು.’

‘ಚರ್ಮವೇ ಕುಡಿಯುತ್ತೆ ಅಮ್ಮ. ತಂಬಾಕಲ್ಲಿರೋ ನಿಕೋಟಿನ್ ಚರ್ಮದ ಮೂಲಕ ನೇರ ರಕ್ತಕ್ಕೆ ಹೋಗುತ್ತೆ. ಕಷಾಯಕ್ಕೆ ಕಲಸಿದ ಸೋಪು, ಡ್ರೈಯರಿನ ಶಾಖ, ಮೇಲೊಂದು ಟೋಪಿ, ಎಲ್ಲ ಸೇರಿ ಇನ್ನೂ ಒಳಗೆ ತಳ್ಳಿದೆ. ಮನೇಲಿ ಕುದಿಸಿದ್ದು ಅಂದ್ರೆ ಎಷ್ಟು ಗಟ್ಟಿಯಿದೆ ಅಂತ ಕುದಿಸಿದವರಿಗೂ ಗೊತ್ತಿರಲ್ಲ.’ ಅವಳು ಅತ್ತಿಗೆಯ ಕೈ ಹಿಡಿದು ಉಗುರು ಸಂದಿ ನೋಡಿದಳು. ‘ನೀವು ಗಿಡಕ್ಕೆ ಹೊಡೆಯುವಾಗ ಗ್ಲೌಸ್ ಹಾಕಿದ್ರಾ?’

‘ಇಲ್ಲ.’

‘ತಲೆ ಸುತ್ತು ಬಂದಿರಲಿಲ್ವಾ?’

ಬಂದಿತ್ತು. ಎರಡು ಸಲ ಬಂದಿತ್ತು. ಬಿಸಿಲಿಗೆ ಇರಬೇಕೆಂದು ನೀರು ಕುಡಿದು ಸುಮ್ಮನಾಗಿದ್ದಳು. ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಲಾರಿ ಓಡಿಸುವ ಗಂಡ ಸುದ್ದಿ ಕೇಳಿ ದಾರಿಯಿಂದಲೇ ತಿರುಗಿ ಮಾರನೆಯ ದಿನ ಬಂದ. ತಾಯಿಯನ್ನೂ ನೋಡಿದ, ಹೆಂಡತಿಯನ್ನೂ ನೋಡಿದ, ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಕೈಯಲ್ಲಿದ್ದ ಟೋಪಿ ತಿರುಗಿಸುತ್ತಿದ್ದ. ದೊಡ್ಡವರಿಗೆ ಎಚ್ಚರವಿತ್ತು. ಕೂದಲು ಸಿಕ್ಕು ಸಿಕ್ಕಾಗಿ ನಾಲ್ಕೂ ದಿಕ್ಕಿಗೆ ನಿಂತಿತ್ತು. ದನಿ ಗೊಗ್ಗರಾಗಿತ್ತು.

‘ನಿಮ್ಮಪ್ಪ ಬದುಕಿದ್ದಾಗ ಹೊಗೆ ಕುಡಿಸಿ ಸಾಯಿಸೋಕೆ ನೋಡಿದ್ರು’ ಎಂದರು ಮಗನಿಗೆ. ‘ಆಗಲಿಲ್ಲ. ಈಗ ಕಷಾಯ ಕಳ್ಸಿದ್ದಾರೆ.’

ಯಾರಿಗೂ ನಗಲು ಧೈರ್ಯ ಬರಲಿಲ್ಲ. ದೊಡ್ಡವರು ಸೊಸೆಯ ಕಡೆ ಕಣ್ಣು ತಿರುಗಿಸಿದರು. ‘ನೀನು ಯಾಕೆ ಹೆಣ ಕಾಯೋಳ ಹಾಗೆ ನಿಂತಿದ್ದೀಯಾ? ಕೂತ್ಕೋ.’ ಸೊಸೆ ಕೂತಳು. ಅವರು ಅವಳ ಕೈ ಹಿಡಿಯಲಿಲ್ಲ, ಅಂಥದ್ದೆಲ್ಲ ಅವರಿಗೆ ಬಾರದು. ‘ಕೂದಲೆಲ್ಲ ಕಿತ್ತು ಬಿಟ್ಟಿದ್ದೀಯಾ’ ಎಂದರು. ‘ನೋಯ್ತು.’

‘ತಪ್ಪಾಯ್ತು ಅತ್ತೆ.’

‘ಯಾವುದು?’

‘ಎಲ್ಲ.’

ದೊಡ್ಡವರು ಕಣ್ಣು ಮುಚ್ಚಿಕೊಂಡರು.

ಆಸ್ಪತ್ರೆಯಿಂದ ಅತ್ತಿಗೆ ನೇರವಾಗಿ ಹೋದದ್ದು ಹೂವಿನ ಅಂಗಡಿಗೆ. ದಾರಿಯುದ್ದಕ್ಕೂ ಆ ಹೆಂಗಸಿಗೆ ಹೇಳಬೇಕಾದ ಬೈಗುಳವನ್ನು ಬಾಯಲ್ಲಿ ಮಸೆಯುತ್ತಲೇ ಇದ್ದಳು. ಹೋಗಿ ನೋಡಿದರೆ ಹೂವಿನಾಕೆ ತಣ್ಣೀರ ಬಟ್ಟೆಯನ್ನು ಹಣೆಗೆ ಕಟ್ಟಿಕೊಂಡು ಬಕೆಟ್ಟುಗಳ ನಡುವೆ ಕೂತಿದ್ದಳು. ಅತ್ತಿಗೆ ಎಲ್ಲವನ್ನೂ ಹೇಳಿದಳು.

‘ಸುಮ್ನಿರು, ಹಾಗೆಲ್ಲ ಆಗಲ್ಲ’ ಎಂದಳು ಹೂವಿನಾಕೆ. ‘ನಾನು ಇವತ್ತೂ ಹೊಡೆದಿದ್ದೀನಿ.’

‘ತಲೆಗೆ ಯಾಕೆ ಬಟ್ಟೆ ಕಟ್ಕೊಂಡಿದ್ದೀರಾ?’

‘ನನಗೆ ಇದು ಇದ್ದದ್ದೇ. ತಲೆನೋವು ಬಂದು ವಾಂತಿಯಾದ್ರೆ ಇಳಿಯುತ್ತೆ. ವಾರಕ್ಕೊಂದು ಸಲ...’

ಮಾತು ಅಲ್ಲಿಗೇ ನಿಂತಿತು. ವಾರಕ್ಕೊಂದು ಸಲವೇ ಅವಳು ಗಿಡಗಳಿಗೆ ಹೊಡೆಯುತ್ತಿದ್ದದ್ದು. ಎಷ್ಟು ಡಾಕ್ಟರಿಗೆ ತೋರಿಸಿದ್ದಳು, ಕಣ್ಣಿಗೆ ಕನ್ನಡಕ ಬದಲಾಯಿಸಿದ್ದಳು, ಹೂವಿನ ಘಾಟು ಎಂದು ಮಲ್ಲಿಗೆಯನ್ನೇ ಅಂಗಡಿಯಿಂದ ತೆಗೆದುಹಾಕಿದ್ದಳು. ಮಡಚಿದ್ದ ತೋಳುಗಳು ತಾವಾಗಿ ಕೆಳಗಿಳಿದವು. ಅವಳು ತನ್ನ ಅಂಗೈಗಳನ್ನು ಮೊದಲ ಬಾರಿ ನೋಡುವವಳಂತೆ ನೋಡಿಕೊಂಡಳು. ಬೆರಳ ತುದಿಗಳು ಕಂದು ಹತ್ತಿದ್ದವು.

‘ನಾನು ಇದನ್ನ ಎಷ್ಟು ಜನಕ್ಕೆ ಹೇಳ್ಕೊಟ್ಟಿದ್ದೀನಿ ಗೊತ್ತಾ?’ ಎಂದಳು ಮೆಲ್ಲಗೆ. ಅತ್ತಿಗೆ ಮಸೆದುಕೊಂಡು ಬಂದಿದ್ದ ಬೈಗುಳವನ್ನು ಬಿಟ್ಟಳು. ಅವಳನ್ನು ಎಬ್ಬಿಸಿ ನಲ್ಲಿಯ ಬಳಿಗೆ ಕರೆದುಕೊಂಡು ಹೋಗಿ, ತಾನೇ ಸೋಪು ಕೊಟ್ಟಳು. ಆಮೇಲೆ ಇಬ್ಬರೂ ಕೂತು, ನೆನಪಾದವರಿಗೆಲ್ಲ ಫೋನು ಮಾಡಿದರು. ಕೆಲವರು ಗಾಬರಿಯಾದರು. ಒಬ್ಬಾಕೆ, ನಮ್ಮಲ್ಲಿ ಅಂಥದ್ದೇನೂ ಆಗಿಲ್ಲ ಎಂದು ಫೋನು ಇಟ್ಟುಬಿಟ್ಟಳು.

ದೊಡ್ಡವರು ಮನೆಗೆ ಬಂದರು. ಕಾಲಿನ ನಡುಕ ಕೆಲವು ವಾರ ಇತ್ತು, ಆಮೇಲೆ ಹೋಯಿತು. ಪಾರ್ಲರು ಮತ್ತೆ ತೆರೆಯಿತು. ಪುಟ್ಟಿ ಕೆಲಸಕ್ಕೆ ಬರುತ್ತಿದ್ದಳು, ಆದರೆ ಅಂಗಡಿಯಲ್ಲಿ ಕೂಗು ನಿಂತುಹೋಗಿತ್ತು. ಟವೆಲು ಬೇಕಾದರೆ ತಾನೇ ಎದ್ದು ತೆಗೆದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅತ್ತಿಗೆ ಕಿಟಕಿಯ ಬಳಿ ಒಂದೊಂದೇ ಎಲೆಯನ್ನು ಬರೀ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಗಿಡಗಳಲ್ಲಿ ಅರ್ಧ ಬಾಡಿದ್ದವು. ಗಟ್ಟಿ ಕಷಾಯ ಎಲೆಗಳನ್ನೂ ಸುಟ್ಟಿತ್ತು.

ಹಿಂದೆ ಕುರ್ಚಿ ಕಿರುಗುಟ್ಟಿತು. ಪುಟ್ಟಿ ಗಿರಾಕಿಗಳ ಕುರ್ಚಿಯಲ್ಲಿ ಕೂತು ಕನ್ನಡಿಯೊಳಗಿಂದ ಅವಳನ್ನು ನೋಡುತ್ತಿದ್ದಳು.

‘ವಾಸನೆ ನನಗೂ ಬಂದಿತ್ತು ಅತ್ತಿಗೆ’ ಎಂದಳು. ‘ಮೂಗಿಗೆ ಹೊಡೀತಾ ಇತ್ತು. ಒಂದು ಸಲ ನಿಮ್ಮನ್ನ ಕೂಗಿ ಕೇಳಬಹುದಿತ್ತು. ಹೊಸ ಲೋಷನ್ ಅಂತ ನಾನೇ ಹೇಳಿಬಿಟ್ಟೆ. ಅಮ್ಮ ಇನ್ನೊಂದಿಷ್ಟು ಅಂದಾಗ ಖುಷಿಯಿಂದ ಹೊಡೆದೆ. ಹೊಡೆದದ್ದು ನನ್ನ ಕೈ. ನಿಮ್ಮನ್ನ ಬೈತಾ ಇದ್ರೆ ಅದು ನೆನಪಾಗಲ್ಲ.’

ಅತ್ತಿಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕನ್ನಡಿಯಲ್ಲಿ ನೋಡಿಕೊಂಡರು.

‘ನನಗೂ ಕೇಳಿಸಿತ್ತು ಪುಟ್ಟಿ. ಒಳಗೆ ನಿಂತು ನಗ್ತಾ ಇದ್ದೆ.’

ಪುಟ್ಟಿಯ ಬಾಯಿ ಅರೆತೆರೆಯಿತು. ಆಮೇಲೆ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅತ್ತಿಗೆ ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಟ್ಟು, ಒಣ ಟವೆಲೊಂದನ್ನು ತಂದು ಅವಳ ಮಡಿಲಲ್ಲಿ ಹಾಕಿದಳು. ಬಾಗಿಲು ತಳ್ಳಿಕೊಂಡು ಗಿರಾಕಿಯೊಬ್ಬಳು ಒಳಗೆ ಬಂದಳು. ಇಬ್ಬರೂ ಎದ್ದರು.